ನಗರ ಸೀಮೆಯೊಳಗಿನ ಕೃಷಿ ಮತ್ತು ತೂಕದ ಯಂತ್ರ: ಮೇಲ್ವಿಚಾರಣೆ ಯಾರ ಹೊಣೆ?

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ, 2024 ಕಳೆದ 2025ರ ಮೇ 15ರಂದು ಜಾರಿಗೆ ಬಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ರಚನೆಯಾದವು. ಈ ಬದಲಾವಣೆಯ ಚರ್ಚೆಯಲ್ಲಿ ರಸ್ತೆ, ತ್ಯಾಜ್ಯ, ತೆರಿಗೆ ಮತ್ತು ಚುನಾವಣೆಗಳ ವಿಷಯ ಧಾರಾಳವಾಗಿ ಕೇಳಿಬಂದಿದೆ. ನಗರದ ಸೀಮೆಯೊಳಗೆ ಇಂದಿಗೂ ಸೊಪ್ಪು, ತರಕಾರಿ, ಹೂವು ಬೆಳೆಯುತ್ತಿರುವ ರೈತರ ವಿಷಯ ಮಾತ್ರ ವಿರಳ. ಈ ರೈತರಿಗೆ ಎರಡು ಪ್ರಶ್ನೆಗಳು ಮುಖ್ಯವಾಗಿವೆ: ತಮ್ಮ ಕೃಷಿಯನ್ನು ಗಮನಿಸುವ ಸ್ಥಳೀಯ ಸಂಸ್ಥೆ ಯಾವುದು? ತಮ್ಮ ಬೆಳೆಯನ್ನು ತೂಗುವ ಯಂತ್ರವನ್ನು ಪರಿಶೀಲಿಸುವವರು ಯಾರು? ಮೇಲ್ನೋಟಕ್ಕೆ ಇವು ಬೇರೆ ಬೇರೆ ಎನಿಸಿದರೂ, ಹೊಲದಿಂದ ಹೊರಟ ಫಸಲು ಹಣವಾಗುವ ದಾರಿಯಲ್ಲಿ ಎರಡೂ ಕೂಡಿಕೊಳ್ಳುತ್ತವೆ.

ಪಟ್ಟಿಯಿಂದ ಜಾರಿದ ಕೃಷಿ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ನೀರಾವರಿ, ಪಶುಸಂಗೋಪನೆ, ಸಂತೆ ಮತ್ತು ಜಾತ್ರೆಗಳೂ ಅಲ್ಲಿವೆ. ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ 18 ವಿಷಯಗಳಿವೆ. ಭೂ ಬಳಕೆಯ ನಿಯಂತ್ರಣ, ನಗರ ಅರಣ್ಯ, ಉದ್ಯಾನ, ಕಸಾಯಿಖಾನೆ, ದನದ ದೊಡ್ಡಿ ಕೂಡ ಅಲ್ಲಿ ಸ್ಥಾನ ಪಡೆದಿವೆ. ಆದರೆ ಕೃಷಿ ಎಂಬ ಪದವೇ ಇಲ್ಲ.

ಇದರ ಪರಿಣಾಮವನ್ನು ಗಮನಿಸಿ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ ಮತ್ತು 110 ಗ್ರಾಮಗಳನ್ನು ಬೆಂಗಳೂರಿಗೆ ಸೇರಿಸಿದಾಗ ಆ ಗ್ರಾಮಗಳ ಹೊಲಗಳು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಪಹಣಿಯೂ ಉಳಿಯಿತು, ಬಾವಿಯೂ ಉಳಿಯಿತು. ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಕಾರ್ಯಕ್ರಮಗಳೂ ಕಾನೂನಿನ ದೃಷ್ಟಿಯಲ್ಲಿ ಮುಂದುವರಿದವು. ಹೋದದ್ದು ಗ್ರಾಮಸಭೆ, ಬೆಳೆ, ನೀರು, ಸಂತೆಯ ವಿಷಯವನ್ನು ಎತ್ತಲು ರೈತನಿಗಿದ್ದ ವೇದಿಕೆ. ಪಂಚಾಯಿತಿಯ ಮೂಲಕ ನಡೆಯುವ ಕಾಮಗಾರಿಗಳೂ ಅದರೊಂದಿಗೆ ಹೋದವು. ಹೊಸ ಕಾಯ್ದೆಯಡಿ ನಗರದ ವ್ಯಾಪ್ತಿಯನ್ನು ಮುಂದೆ ವಿಸ್ತರಿಸಲು ಅವಕಾಶವಿರುವುದರಿಂದ, ಹೊರವಲಯದ ಹಳ್ಳಿಗಳ ರೈತರು ಈ ಅನುಭವವನ್ನು ಈಗಲೇ ಅರಿತಿರುವುದು ಒಳಿತು.

ತಕ್ಕಡಿಯ ಮೇಲೆ ಯಾರ ಕಣ್ಣು?

ತೂಕ ಮತ್ತು ಅಳತೆಯ ಮಾನಕಗಳನ್ನು ನಿಗದಿಪಡಿಸುವುದು ಕೇಂದ್ರದ ಅಧಿಕಾರ. ಅವುಗಳ ಜಾರಿ ಸಮವರ್ತಿ ಪಟ್ಟಿಗೆ ಸೇರಿದ್ದು, ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆ ಅದನ್ನು ನಿರ್ವಹಿಸುತ್ತದೆ. ಕಾನೂನು ಮಾಪನಶಾಸ್ತ್ರ ಕಾಯ್ದೆ, 2009 ಎಂಬುದು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಕ್ಕೆ ಬಳಸುವ ಪ್ರತಿಯೊಂದು ತೂಕದ ಸಾಧನವೂ ಸತ್ಯಾಪನೆಗೊಂಡು ಮುದ್ರೆ ಪಡೆದಿರಬೇಕು. ಎಲೆಕ್ಟ್ರಾನಿಕ್ ಯಂತ್ರಗಳು ಮತ್ತು ವೇಬ್ರಿಡ್ಜ್‌ಗಳಿಗೆ 12 ತಿಂಗಳಿಗೊಮ್ಮೆ, ಸಾಮಾನ್ಯ ತಕ್ಕಡಿ ಮತ್ತು ತೂಕದ ಕಲ್ಲುಗಳಿಗೆ 24 ತಿಂಗಳಿಗೊಮ್ಮೆ ಮರುಸತ್ಯಾಪನೆ ಕಡ್ಡಾಯ.

ಹೀಗಾಗಿ, ಒಂದೇ ವಹಿವಾಟಿನ ಮೇಲೆ ಹಲವು ಸಂಸ್ಥೆಗಳ ಅಧಿಕಾರವಿದೆ. ಎಪಿಎಂಸಿ ಪ್ರಾಂಗಣದಲ್ಲಿ ಹರಾಜು, ತೂಕ, ಪಾವತಿಯ ಕ್ರಮವನ್ನು ನೋಡಬೇಕಾದುದು ಮಾರುಕಟ್ಟೆ ಸಮಿತಿ. ತಳ್ಳುಗಾಡಿಯವರಿಗೆ ಗುರುತಿನ ಚೀಟಿ ಮತ್ತು ಸ್ಥಳ ನೀಡುವುದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ನಗರ ಸಂಸ್ಥೆ. ಯಂತ್ರದ ಮುದ್ರೆ ಮಾಪನಶಾಸ್ತ್ರ ಇಲಾಖೆಯದು. ಬೆಳೆಯ ಸಲಹೆ ತೋಟಗಾರಿಕೆ ಇಲಾಖೆಯದು. ಎಲ್ಲರಿಗೂ ಒಂದೊಂದು ಭಾಗ. ಒಟ್ಟು ವಹಿವಾಟು ಯಾರ ಕಡತದಲ್ಲಿಯೂ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕೌಂಟಿ ಎಂಬ ಸ್ಥಳೀಯ ಆಡಳಿತದ ಮಟ್ಟದಲ್ಲಿ ಕೃಷಿ ಆಯುಕ್ತರಿರುತ್ತಾರೆ. ಬಹುತೇಕ ಕೌಂಟಿಗಳಲ್ಲಿ ತೂಕ ಮತ್ತು ಅಳತೆಗಳಿಗೆ ಮುದ್ರೆ ಹಾಕುವ ಅಧಿಕಾರಿಯೂ ಅವರೇ. ಅದೇ ವ್ಯವಸ್ಥೆ ನಮಗೆ ಒಗ್ಗುತ್ತದೆಂದು ಹೇಳಲಾಗದು. ಬೆಳೆ ಮತ್ತು ತಕ್ಕಡಿಯನ್ನು ಒಂದೇ ಕಣ್ಣಿನಿಂದ ನೋಡಲು ಸಾಧ್ಯವಿದೆ ಎಂಬುದನ್ನಷ್ಟೇ ಅದು ತೋರಿಸುತ್ತದೆ.

200 ಗ್ರಾಂ ಎಂದರೆ ಎಷ್ಟು?

ಯಂತ್ರದ ಫಲಕವನ್ನು ಓದಲು ಕಲಿಯುವುದು ಮೊದಲ ರಕ್ಷಣೆ. ಅದರಲ್ಲಿ ಗರಿಷ್ಠ ತೂಕ, ಕನಿಷ್ಠ ತೂಕ ಮತ್ತು ‘ಇ’ ಎಂಬ ಸತ್ಯಾಪನಾ ಅಂತರವನ್ನು ನಮೂದಿಸಿರುತ್ತಾರೆ. ತರಕಾರಿ ವ್ಯಾಪಾರದ ಎಲೆಕ್ಟ್ರಾನಿಕ್ ಯಂತ್ರಗಳು ಸಾಮಾನ್ಯವಾಗಿ ಮೂರನೆಯ ನಿಖರತಾ ವರ್ಗಕ್ಕೆ ಸೇರಿದವು. ಈ ವರ್ಗದಲ್ಲಿ ಕನಿಷ್ಠ ತೂಕವು ‘ಇ’ಯ 20 ಪಟ್ಟು. ಅಂದರೆ 100 ಕಿ.ಗ್ರಾಂ ಸಾಮರ್ಥ್ಯದ, 20 ಗ್ರಾಂ ‘ಇ’ ಇರುವ ಯಂತ್ರದಲ್ಲಿ 400 ಗ್ರಾಂಗಿಂತ ಕಡಿಮೆ ಸರಕನ್ನು ತೂಗಬಾರದು. 250 ಗ್ರಾಂ ಕೊತ್ತಂಬರಿಗೆ ಅದು ತಕ್ಕ ಯಂತ್ರವಲ್ಲ.

ಅದೇ ಯಂತ್ರದಲ್ಲಿ 25 ಕಿ.ಗ್ರಾಂ ತೂಗುವಾಗ ಸತ್ಯಾಪನೆಯ ಸಮಯದಲ್ಲಿ ಅನುಮತಿಸಿದ ಗರಿಷ್ಠ ದೋಷ 20 ಗ್ರಾಂ. ಬಳಕೆಯಲ್ಲಿ ಅದು ದುಪ್ಪಟ್ಟಾದರೂ 40 ಗ್ರಾಂ ಮಾತ್ರ. ಆದ್ದರಿಂದ ಒಂದು ಕ್ರೇಟಿಗೆ 200 ಗ್ರಾಂ ಕಡಿಮೆ ಬಂದರೆ, ‘ಯಂತ್ರ ಅಂದಮೇಲೆ ಅಷ್ಟು ವ್ಯತ್ಯಾಸ ಇರುತ್ತದೆ’ ಎಂಬ ಮಾತನ್ನು ಒಪ್ಪಬೇಕಿಲ್ಲ. ಉದಾಹರಣೆಗೆ, ರೈತನೊಬ್ಬ ಒಮ್ಮೆಗೆ 20 ಕ್ರೇಟ್‌ನಂತೆ ಒಂದು ಹಂಗಾಮಿನಲ್ಲಿ 30 ಬಾರಿ ಮಾರುಕಟ್ಟೆಗೆ ಹೋದರೆ ಕಳೆದುಕೊಳ್ಳುವುದು 120 ಕಿ.ಗ್ರಾಂ. ಕಿಲೋಗೆ 20 ರೂಪಾಯಿ ಎಂದರೂ 2,400 ರೂಪಾಯಿ. ಸೂಟು, ಕಸರು ಎಂಬ ಹೆಸರಿನಲ್ಲಿ ಮುರಿದುಕೊಳ್ಳುವ ತೂಕ ಇದಕ್ಕೆ ಹೊರತು.

ಇಲ್ಲಿ ಒಂದು ಅಂಶವನ್ನು ರೈತರು ಮನಗಾಣಬೇಕು. ತೂಕದ ಕಾನೂನು ಗ್ರಾಹಕನಿಗಾಗಿ ಮಾತ್ರ ಇದೆ ಎಂಬ ಭಾವನೆ ವ್ಯಾಪಕವಾಗಿದೆ. ಅದು ತಪ್ಪು. ಕಾಯ್ದೆಯ 30ನೇ ಪ್ರಕರಣವು ಮಾರುವಾಗ ಕಡಿಮೆ ಕೊಡುವುದನ್ನು ಅಪರಾಧವೆನ್ನುವಂತೆಯೇ, ಕೊಳ್ಳುವಾಗ ಒಪ್ಪಿದ್ದಕ್ಕಿಂತ ಹೆಚ್ಚು ಸರಕನ್ನು ಮೋಸದಿಂದ ಪಡೆಯುವುದನ್ನೂ ಅಪರಾಧವೆನ್ನುತ್ತದೆ. ಮಾರುವ ರೈತನಿಗೂ ಈ ಕಾಯ್ದೆಯ ಆಸರೆಯಿದೆ.

ಕಟ್ಟು, ಮಾರು, ಬಾಕ್ಸ್

ನಗರದ ಕೃಷಿಯ ಬಹುಪಾಲು ಸರಕು ತಕ್ಕಡಿಯನ್ನೇ ಕಾಣುವುದಿಲ್ಲ. ಸೊಪ್ಪು ಕಟ್ಟಿನ ಲೆಕ್ಕದಲ್ಲಿ, ಕಟ್ಟಿದ ಹೂವು ಮಾರು ಮತ್ತು ಮೊಳದಲ್ಲಿ, ಟೊಮೆಟೊ ಬಾಕ್ಸಿನಲ್ಲಿ ಮಾರಾಟವಾಗುತ್ತವೆ. ಮಾರು, ಮೊಳ ಮಾನಕ ಅಳತೆಗಳಲ್ಲ. ಕೈಯುದ್ದ ಯಾರದ್ದೆಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಕಟ್ಟು ಎಣಿಕೆಗೆ ಸಿಗುತ್ತದೆ, ಆದರೆ ಅದರ ಗಾತ್ರಕ್ಕೆ ಮಿತಿಯಿಲ್ಲ. ಬೆಲೆ ಕುಸಿದಾಗ ಕಟ್ಟು ದಪ್ಪವಾಗುತ್ತದೆ, ಏರಿದಾಗ ತೆಳುವಾಗುತ್ತದೆ. ಹತ್ತು ಕಟ್ಟುಗಳನ್ನು ತೂಗಿ ಸರಾಸರಿ ತೆಗೆದಿಟ್ಟರೆ, ಇಂದಿನ ಕಟ್ಟಿನ ದರವು ಕಿಲೋಗೆ ಎಷ್ಟಾಯಿತೆಂದು ತಿಳಿಯುತ್ತದೆ. ಈ ಸರಳ ಲೆಕ್ಕವಿಲ್ಲದೆ ಬೆಳೆಯ ಖರ್ಚು-ಆದಾಯವನ್ನು ಅಳೆಯಲಾಗದು.

ನಾವು ಮಾರುವಾಗ

ನ್ಯಾಯ ಎರಡೂ ಕಡೆ ಇರಬೇಕು. ಮನೆ ಬಾಗಿಲಿಗೆ ಅಥವಾ ವಸತಿ ಸಮುಚ್ಚಯಗಳಿಗೆ ನೇರವಾಗಿ ತರಕಾರಿ ಮಾರುವ ರೈತರು, ತಾರಸಿ ತೋಟದ ಮೈಕ್ರೋಗ್ರೀನ್ ಮಾರುವ ಯುವಕರು, ಎಲ್ಲರೂ ಈ ಕಾಯ್ದೆಯ ವ್ಯಾಪ್ತಿಯಲ್ಲಿದ್ದಾರೆ. ಆನ್‌ಲೈನ್‌ನಲ್ಲಿ ಕೊಂಡ ಅಡುಗೆಮನೆಯ ಸಣ್ಣ ಯಂತ್ರ ಅಥವಾ ಚೀಲ ತೂಗುಹಾಕುವ ಯಂತ್ರ ಅನುಮೋದಿತ ಮಾದರಿಯದಲ್ಲದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಸೊಪ್ಪು ಕೊಯ್ದ ಗಳಿಗೆಯಿಂದಲೇ ಬಾಷ್ಪವಿಸರ್ಜನೆಯಿಂದ ತೂಕ ಕಳೆದುಕೊಳ್ಳುತ್ತದೆ. ಇದಕ್ಕೆ ಪರಿಹಾರ ಮುಂಜಾನೆಯ ಕೊಯ್ಲು, ನೆರಳು ಮತ್ತು ಒದ್ದೆ ಗೋಣಿಯ ಹೊದಿಕೆ. ತೂಗುವ ಮುನ್ನ ನೀರು ಸುರಿಯುವುದಲ್ಲ. ನೀರಿನ ತೂಕವನ್ನು ಮಾರಿದವನು ಮರುವಾರ ಗ್ರಾಹಕನನ್ನು ಕಳೆದುಕೊಳ್ಳುತ್ತಾನೆ.

ರೈತರು ಪಾಲಿಸಬೇಕಾದ ಕ್ರಮಗಳು

1. ತೂಗುವ ಮುನ್ನ ಯಂತ್ರ ಸೊನ್ನೆ ತೋರಿಸುತ್ತಿದೆಯೇ, ಸಮತಟ್ಟಾದ ನೆಲದ ಮೇಲಿದೆಯೇ ನೋಡಿ. ಸತ್ಯಾಪನಾ ಪ್ರಮಾಣಪತ್ರವನ್ನು ಕಾಣುವಂತೆ ತೂಗುಹಾಕಿರಬೇಕು. ಅದರ ಅವಧಿಯನ್ನು ಓದಿ.

2. ಒಂದೇ ಕ್ರೇಟನ್ನು ತಟ್ಟೆಯ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಇಟ್ಟು ತೂಗಿಸಿ. ಗಮನಾರ್ಹ ವ್ಯತ್ಯಾಸ ಬಂದರೆ ಯಂತ್ರ ಸರಿಯಿಲ್ಲ.

3. ಖಾಲಿ ಕ್ರೇಟ್ ಅಥವಾ ಗೋಣಿಯನ್ನು ನಿಮ್ಮೆದುರೇ ತೂಗಿಸಿ. ಅಂದಾಜಿನ ಮೇಲೆ ಕಳೆಯಲು ಬಿಡಬೇಡಿ.

4. ಮನೆಯಿಂದ ಹೊರಡುವ ಮುನ್ನ ಎರಡು ಕ್ರೇಟ್‌ಗಳನ್ನಾದರೂ ತೂಗಿ ಗುರುತು ಹಾಕಿ. ಮನೆಯ ಯಂತ್ರದ ಬಗ್ಗೆ ಸಂಶಯವಿದ್ದರೆ ಒಡೆಯದ 45 ಕಿ.ಗ್ರಾಂ ಯೂರಿಯಾ ಚೀಲವನ್ನು ಇಟ್ಟು ನೋಡಿ. ಚೀಲದ ತೂಕ ಸೇರಿ 45ಕ್ಕಿಂತ ತುಸು ಹೆಚ್ಚು ತೋರಬೇಕು. ಇದು ಸ್ಥೂಲ ಪರೀಕ್ಷೆ, ಸತ್ಯಾಪನೆಗೆ ಬದಲಿಯಲ್ಲ.

5. ತೂಕ, ದರ, ಕಡಿತ ಮೂರನ್ನೂ ನಮೂದಿಸಿದ ಚೀಟಿ ಪಡೆಯಿರಿ. ದೂರಿಗೆ ಅದೇ ಆಧಾರ. ಪ್ರಾಂಗಣದೊಳಗಾದರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೂ, ಎಲ್ಲಿಯೇ ಆದರೂ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೂ ಲಿಖಿತವಾಗಿ ಕೊಡಿ.

ವಿಸ್ತರಣಾ ಕಾರ್ಯಕರ್ತರ ಮುಂದಿರುವ ಕೆಲಸ

ಕೆಲವು ವರ್ಷಗಳ ಹಿಂದೆ ನಗರದಂಚಿನ ಸಂತೆಯೊಂದರಲ್ಲಿ ಹುರುಳಿಕಾಯಿ ಬೆಳೆದ ಹಿರಿಯರೊಬ್ಬರು, ‘ತಳಿ ಹೇಳಿಕೊಟ್ಟಿರಿ, ಗೊಬ್ಬರ ಹೇಳಿಕೊಟ್ಟಿರಿ; ತೂಗಿಸಿಕೊಳ್ಳುವುದನ್ನು ಯಾರೂ ಹೇಳಿಕೊಡಲಿಲ್ಲವಲ್ಲ ಸಾರ್’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಎಕರೆಗೆ ಒಂದು ಕ್ವಿಂಟಲ್ ಇಳುವರಿ ಹೆಚ್ಚಿಸಲು ನಾವು ವರ್ಷಗಟ್ಟಲೆ ಪ್ರಯೋಗ ನಡೆಸುತ್ತೇವೆ. ಅಷ್ಟೇ ಪ್ರಮಾಣ ತಕ್ಕಡಿಯಲ್ಲಿ ಸೋರಿಹೋಗುವುದನ್ನು ನಮ್ಮ ವಿಷಯವಲ್ಲವೆಂದು ಬಿಡುತ್ತೇವೆ.

ಆದ್ದರಿಂದ ಕ್ಷೇತ್ರೋತ್ಸವ ಮತ್ತು ತರಬೇತಿಗಳಲ್ಲಿ ತೂಕದ ಯಂತ್ರದ ಪ್ರಾತ್ಯಕ್ಷಿಕೆಗೆ ಅರ್ಧ ಗಂಟೆ ಮೀಸಲಿಡಿ. ರೈತ ಸಂಪರ್ಕ ಕೇಂದ್ರದಲ್ಲಿ ಮುದ್ರೆಯಿರುವ ಒಂದು ಯಂತ್ರವನ್ನು ಹೋಲಿಕೆಗಾಗಿ ಇರಿಸುವಂತೆ ಮೇಲಧಿಕಾರಿಗಳಿಗೆ ಪ್ರಸ್ತಾವ ಕಳುಹಿಸಿ. ಮಾಪನಶಾಸ್ತ್ರ ಇಲಾಖೆಯ ಸತ್ಯಾಪನಾ ಶಿಬಿರವನ್ನು ಸಂತೆಯ ದಿನವೇ, ಸಂತೆಯ ಸ್ಥಳದಲ್ಲಿಯೇ ನಡೆಸಲು ಕೋರಿ.

ಹೊಸ ಪಾಲಿಕೆಗಳಿಂದ ನಿರೀಕ್ಷಿಸಬೇಕಾದುದೂ ದೊಡ್ಡದೇನಲ್ಲ. ಸೀಮೆಯೊಳಗೆ ಉಳಿದಿರುವ ಸಾಗುವಳಿ ಭೂಮಿಯ ವಾರ್ಡ್‌ವಾರು ಪಟ್ಟಿ, ಪ್ರತಿ ಪಾಲಿಕೆಯಲ್ಲಿ ಕೃಷಿ-ಮಾರುಕಟ್ಟೆ ವಿಷಯಗಳಿಗೆ ಒಬ್ಬ ಸಂಪರ್ಕಾಧಿಕಾರಿ, ಪಾಲಿಕೆಯ ಮಾರುಕಟ್ಟೆಗಳಲ್ಲಿ ರೈತರೇ ತೂಗಿ ನೋಡಬಹುದಾದ ಒಂದು ಸಾರ್ವಜನಿಕ ಯಂತ್ರ. ಇವುಗಳಿಗೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. ಆಡಳಿತಾತ್ಮಕ ಆದೇಶ ಸಾಕು. ವಾರ್ಡ್ ಸಮಿತಿಯ ಸಭೆಗಳು ನಡೆಯುವಾಗ ರೈತರು ಹಾಜರಾಗಿ ಈ ಮೂರನ್ನೂ ಲಿಖಿತವಾಗಿ ಕೇಳಬೇಕು. ಕಾರ್ಯಸೂಚಿಯಲ್ಲಿ ಕೃಷಿ ಇಲ್ಲವೆಂದು ಸುಮ್ಮನಾದರೆ ಅದು ಮುಂದೆಯೂ ಸೇರುವುದಿಲ್ಲ.