ಪ್ರೌಢಶಾಲೆಯ ಮಕ್ಕಳ ರೋಬೋಟೂ ಗ್ರಾಮಪ್ರಮುಖರ ಕರ್ತವ್ಯವೂ

ಒಕ್ಕಲುತನದ ಏಳಿಗೆಯು ಮಳೆ, ಮಣ್ಣು, ಬೀಜಗಳನ್ನು ಎಷ್ಟು ಅವಲಂಬಿಸಿರುವುದೋ ಉಪಕರಣಗಳನ್ನೂ ಅಷ್ಟೇ ಅವಲಂಬಿಸಿರುವುದು. ಮೂರು ತಾಳಿನ ಕೂರಿಗೆಯೇ ಇದಕ್ಕೆ ಸಾಕ್ಷಿ. ಬಟ್ಟಲಿಗೆ ಬಿಟ್ಟ ಬೀಜವು ಬಿದಿರ ಕೊಳವೆಗಳೊಳಗೆ ಇಳಿದು ಸಾಲುಸಾಲಾಗಿ ಬೀಳುವಂತೆ ಅದನ್ನು ಕಲ್ಪಿಸಿದವರು ಹಳ್ಳಿಯ ಬಡಿಗರು, ಕಂಬಾರರು ಮತ್ತು ಒಕ್ಕಲಿಗರು. ಹೊಲದಲ್ಲಿ ಕಂಡ ತೊಡಕನ್ನು ಒಕ್ಕಲಿಗನು ಹೇಳುತ್ತಿದ್ದನು. ಕುಲುಮೆಯಲ್ಲಿ ಅದನ್ನು ತಿದ್ದುತ್ತಿದ್ದರು. ಮರುದಿನ ಹೊಲದಲ್ಲಿಯೇ ಅದರ ಪರೀಕ್ಷೆಯಾಗುತ್ತಿತ್ತು. ಈಗ ಯಂತ್ರಗಳು ದೂರದ ಕಾರ್ಖಾನೆಗಳಿಂದ ಬರುವುವು. ಒಂದು ಸಣ್ಣ ಭಾಗವು ಕೆಟ್ಟರೂ ಹಂಗಾಮು ಕಳೆಯುವವರೆಗೆ ಅವು ಕೊಟ್ಟಿಗೆಯಲ್ಲಿ ನಿಲ್ಲುವುದುಂಟು. ಹೊಲಕ್ಕೂ ಕುಲುಮೆಗೂ ಇದ್ದ ಆ ಸಂಬಂಧವನ್ನು ಪುನಃ ಕೂಡಿಸಲು ಪ್ರೌಢಶಾಲೆಯ ಮಕ್ಕಳ ರೋಬೋಟ್ ಸ್ಪರ್ಧೆಯು ಒಂದು ಸಾಧನವಾಗಬಲ್ಲದೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೂ ಇದು ವಿಚಾರಾರ್ಹವಾದ ಮಾತು.

ರೋಬೋಟ್ ಎಂಬ ಶಬ್ದವು ಕಾರೆಲ್ ಚಾಪೆಕ್ ಎಂಬ ಚೆಕ್ ನಾಟಕಕಾರನು 1920ರಲ್ಲಿ ಪ್ರಕಟಿಸಿದ ನಾಟಕದಿಂದ ಲೋಕಕ್ಕೆ ಬಂದಿತು. ಅದರ ಮೂಲದಲ್ಲಿರುವ ಚೆಕ್ ಪದಕ್ಕೆ ಬಿಟ್ಟಿ ಚಾಕರಿ ಎಂದರ್ಥ. ಕಣ್ಣಿನ ಬದಲು ಸೆನ್ಸರು, ತಲೆಯ ಬದಲು ಪುಟ್ಟ ಕಂಪ್ಯೂಟರು, ಕೈಕಾಲುಗಳ ಬದಲು ಮೋಟಾರು, ಇಷ್ಟನ್ನು ಕೂಡಿಸಿ ಹೇಳಿದ ಕೆಲಸವನ್ನು ತಾನೇ ನೋಡಿ ಮಾಡುವಂತೆ ರಚಿಸಿದ ಯಂತ್ರಕ್ಕೆ ಈ ಹೆಸರು ಸಲ್ಲುವುದು.

ಅಮೆರಿಕದಲ್ಲಿ ಡೀನ್ ಕಾಮೆನ್ ಎಂಬ ಯಂತ್ರಶೋಧಕನು 1989ರಲ್ಲಿ 'ಫಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. 1992ರಲ್ಲಿ ಅದರ ಮೊದಲ ಸ್ಪರ್ಧೆಯು ಒಂದು ಹೈಸ್ಕೂಲಿನ ವ್ಯಾಯಾಮಶಾಲೆಯಲ್ಲಿ 28 ತಂಡಗಳೊಡನೆ ನಡೆಯಿತು. ಅದೇ ಸಂಸ್ಥೆಯ 'ಟೆಕ್ ಚಾಲೆಂಜ್' ಎಂಬ ಸ್ಪರ್ಧೆಯ ಇದುವರೆಗಿನ ರೂಢಿಯು ಹೀಗಿದೆ: ಕಣವು ಹನ್ನೆರಡು ಅಡಿ ಚೌಕ, ಆಟದ ಆರಂಭದಲ್ಲಿ ರೋಬೋಟು ಹದಿನೆಂಟು ಅಂಗುಲದ ಪೆಟ್ಟಿಗೆಯೊಳಗೆ ಹಿಡಿಸಬೇಕು, ಮೊದಲ 30 ಸೆಕೆಂಡು ಅದು ಯಾರ ನೆರವೂ ಇಲ್ಲದೆ ನಡೆಯಬೇಕು, ಅನಂತರದ ಎರಡು ನಿಮಿಷ ಮಕ್ಕಳು ಅದನ್ನು ನಡೆಯಿಸಬಹುದು. ಎರಡೆರಡು ತಂಡಗಳು ಜೊತೆಗೂಡಿ ಆಡುವುವು. ಈ ಸಲದ ಜೊತೆಗಾರನು ಮುಂದಿನ ಸಲ ಎದುರಾಳಿಯಾಗಬಹುದು. ಆದಕಾರಣ ಎದುರಾಳಿಯ ಯಂತ್ರವು ಕೆಟ್ಟರೂ ತಮ್ಮ ಬಿಡಿಭಾಗವನ್ನು ಕೊಟ್ಟು ಸರಿಪಡಿಸುವುದು ಅಲ್ಲಿ ಶಿಷ್ಟಾಚಾರವೆನಿಸಿದೆ. ಮುಯ್ಯಾಳಿನ ಪದ್ಧತಿಯನ್ನು ಬಲ್ಲ ಒಕ್ಕಲಿಗರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬಹುಮಾನಕ್ಕಿಂತ ಅದರ ಸಿದ್ಧತೆಯೇ ಮುಖ್ಯ. ಒಬ್ಬಳು ನಕ್ಷೆ ಬರೆಯುವಳು. ಒಬ್ಬನು ಗಾಲಿ ಜೋಡಿಸುವನು. ಮತ್ತೊಬ್ಬಳು ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವಳು. ಇನ್ನೊಬ್ಬನು ಖರ್ಚಿನ ಲೆಕ್ಕವಿಡುವನು. ಮೊದಲು ಮಾಡಿದ ಯಂತ್ರವು ಸಾಮಾನ್ಯವಾಗಿ ಕೆಡುವುದು. ಏಕೆ ಕೆಟ್ಟಿತೆಂಬುದನ್ನು ಅಳೆದು ಪುಸ್ತಕದಲ್ಲಿ ಬರೆದು, ಒಂದೊಂದನ್ನೇ ಬದಲಿಸಿ ಪುನಃ ಪರೀಕ್ಷಿಸುವರು. ಒಕ್ಕಲುತನದಲ್ಲಿ ಅತ್ಯಂತ ಕೊರತೆಯಾಗಿರುವುದು ಈ ಅಭ್ಯಾಸವೇ. ಯಾವ ಸಾಲಿಗೆ ಎಷ್ಟು ಗೊಬ್ಬರ ಬಿದ್ದಿತು, ಎಷ್ಟು ಇಳುವರಿ ಬಂದಿತು ಎಂದು ಬರೆದಿಡುವ ಮನೆಗಳು ಎಷ್ಟಿವೆ?

ಕಲಬುರಗಿಯ ಮಗ್ಗುಲಲ್ಲಿರುವ ಕೋಟನೂರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಸುತ್ತಲಿನದು ಎರೆಭೂಮಿ, ಪ್ರಾಂತದ ಮುಖ್ಯ ಬೆಳೆ ತೊಗರಿ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಬಿತ್ತಿದ ಸುಮಾರು ಐವತ್ತು ದಿನಗಳಿಗೆ ಗಿಡದ ತುದಿಯ ಕುಡಿಯನ್ನು ಚಿವುಟಿದರೆ ಪಕ್ಕದ ಟೊಂಗೆಗಳು ಹೆಚ್ಚಿ ಕಾಯಿ ಹೆಚ್ಚಾಗುವುದು. ಆದರೆ ಅದೇ ಹೊತ್ತಿಗೆ ಕಳೆ ತೆಗೆಯುವ ಕೆಲಸವೂ ಒದಗಿ ಆಳುಗಳು ದೊರೆಯುವುದು ಕಷ್ಟ. ಬ್ಯಾಟರಿಯಿಂದ ತಿರುಗುವ, ಕೈಯಲ್ಲಿ ಹಿಡಿಯುವ ಕುಡಿ ಚಿವುಟುವ ಯಂತ್ರಗಳು ಈಗಾಗಲೇ ಬಳಕೆಗೆ ಬಂದಿವೆ. ಸಾಲು ಹಿಡಿದು ತಾನೇ ಸಾಗುವ, ಗಿಡದ ಎತ್ತರವನ್ನು ನೋಡಿ ಕತ್ತಿಯನ್ನು ಏರಿಳಿಸುವ ಚಿಕ್ಕ ರೋಬೋಟನ್ನು ರಚಿಸುವುದು ಪ್ರೌಢಶಾಲೆಯ ತಂಡಕ್ಕೆ ತಕ್ಕ ಸಮಸ್ಯೆ. ಸ್ಪರ್ಧೆಯ ಹಾಸಿನ ಮೇಲೆ ಓಡಿದ ಗಾಲಿಗೆ ಎರೆಮಣ್ಣು ಮೆತ್ತಿಕೊಂಡಾಗ ಮಕ್ಕಳಿಗೆ ಆಗುವ ಪಾಠವನ್ನು ಯಾವ ಪುಸ್ತಕವೂ ಕಲಿಸಲಾರದು.

ಇದಕ್ಕೆ ಬರುವ ಆಕ್ಷೇಪಣೆಗಳು ಮೂರು. ಮಕ್ಕಳ ಓದು ಕೆಡುವುದೆಂಬುದು ಮೊದಲನೆಯದು. ಗಾಲಿಯ ಸುತ್ತಳತೆ, ವೇಗ, ವಿದ್ಯುತ್ತು ಇವು ಗಣಿತ ವಿಜ್ಞಾನಗಳ ಪಾಠಗಳೇ ಆಗಿವೆ. ಹೊತ್ತನ್ನು ಮಿತಿಗೊಳಿಸಿದರೆ ಸಾಕು. ಖರ್ಚು ಹೆಚ್ಚೆಂಬುದು ಎರಡನೆಯದು. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಯೋಜನೆಯಲ್ಲಿ, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಸಹಾಯಧನವನ್ನು ಗೊತ್ತುಮಾಡಲಾಯಿತು. ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿ 50,000 ಪ್ರಯೋಗಾಲಯಗಳನ್ನು ತೆರೆಯುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಸಾರಲಾಗಿದೆ. ಆದರೆ ಹಣ ಬಂದರೂ ಊರಿನ ಆಸಕ್ತಿ ಇಲ್ಲದಿದ್ದರೆ ಸಾಮಾನುಗಳು ಕಪಾಟಿನಲ್ಲಿಯೇ ಉಳಿಯುವುವು.

ಮೂರನೆಯ ಆಕ್ಷೇಪಣೆಯೇ ಗುರುತರವಾದುದು: ಯಂತ್ರವು ಕೂಲಿಯವರ ಅನ್ನವನ್ನು ಕಸಿಯುವುದಿಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಕುಡಿ ಚಿವುಟುವ ಕೂಲಿಯಿಂದಲೇ ಆ ತಿಂಗಳನ್ನು ಕಳೆಯುವ ಸ್ತ್ರೀಯರಿದ್ದಾರೆ. ಆದಕಾರಣ ಆಳು ದೊರೆಯದ ಕೆಲಸವನ್ನೂ, ಕಾಯಿಕೊರಕಕ್ಕೆ ವಿಷೌಷಧ ಸಿಂಪಡಿಸುವಂಥ ದೇಹಕ್ಕೆ ಕೇಡು ತರುವ ಕೆಲಸವನ್ನೂ ಮೊದಲು ಯಂತ್ರಕ್ಕೆ ಒಪ್ಪಿಸಬೇಕು. ಕೂಲಿಕಾರರ ಮಕ್ಕಳು ಆ ತಂಡದಲ್ಲಿ ಇದ್ದರೆ ಈ ವಿವೇಚನೆಯು ತಾನಾಗಿಯೇ ಉಂಟಾಗುವುದು. ಭೂಮಾಲೀಕರ ಮಕ್ಕಳು ಮಾತ್ರ ಯಂತ್ರ ಕಟ್ಟಿ, ಉಳಿದವರ ಮಕ್ಕಳು ನಿಂತು ನೋಡುವಂತಾದರೆ ಈ ವಿದ್ಯೆಯಿಂದ ಊರಿಗೆ ಹಿತವಿಲ್ಲ.

ಗ್ರಾಮಪ್ರಮುಖರೂ ಭೂಮಾಲೀಕರೂ ಮಾಡತಕ್ಕ ಕೆಲಸಗಳು ಹೆಚ್ಚು ವೆಚ್ಚದವಲ್ಲ:

1. ಪ್ರತಿ ವರ್ಷ ಒಕ್ಕಲುತನದ ಒಂದು ತೊಡಕನ್ನು ಅಳತೆಗಳೊಡನೆ ಶಾಲೆಗೆ ತಿಳಿಸುವುದು.

2. ಪರೀಕ್ಷೆಗಾಗಿ ಎರಡು ಗುಂಟೆ ಬೆಳೆಯನ್ನು ಬಿಟ್ಟುಕೊಡುವುದು. ಕೆಟ್ಟರೆ ಮಕ್ಕಳನ್ನು ಗದರದಿರುವುದು.

3. ಕಂಬಾರ, ವೆಲ್ಡಿಂಗ್ ಕೆಲಸಗಾರ, ಮೋಟಾರು ರಿಪೇರಿಯವರನ್ನು ವಾರಕ್ಕೊಂದು ಸಂಜೆ ಶಾಲೆಗೆ ಕರೆಯಿಸಿ ಅವರಿಗೆ ತಕ್ಕ ಸಂಭಾವನೆ ಕೊಡುವುದು. ಕತ್ತಿ, ಬ್ಯಾಟರಿಗಳ ಕೆಲಸವು ಹಿರಿಯರ ಕಣ್ಣೆದುರಿಗೇ ನಡೆಯತಕ್ಕದ್ದು.

4. ತಂಡದಲ್ಲಿ ಹೆಣ್ಣುಮಕ್ಕಳು ಅರ್ಧದಷ್ಟಾದರೂ ಇರುವಂತೆ ನೋಡಿಕೊಳ್ಳುವುದು.

5. ಜಾತ್ರೆಯಲ್ಲಿ ಒಳ್ಳೆಯ ಎತ್ತಿನ ಜೋಡಿಗೆ ಬಹುಮಾನ ಕೊಡುವಂತೆ, ಸುತ್ತಲಿನ ಶಾಲೆಗಳ ರೋಬೋಟುಗಳಿಗೂ ಒಂದು ಸ್ಪರ್ಧೆಯನ್ನೇರ್ಪಡಿಸಿ ಬಹುಮಾನ ಕೊಡುವುದು.

ಇಂಥ ತಂಡದಲ್ಲಿ ಪಳಗಿದವರೆಲ್ಲರೂ ಊರಿನಲ್ಲಿಯೇ ನಿಲ್ಲುವರೆಂದು ಭರವಸೆ ಕೊಡಲಾಗದು; ಕೆಲವರು ಪಟ್ಟಣ ಸೇರುವರು. ಆದರೆ ಮೋಟಾರನ್ನು ಬಿಚ್ಚಿ ಕೂಡಿಸಬಲ್ಲ, ಹೊಲದ ಲೆಕ್ಕ ಬರೆಯಬಲ್ಲ ಇಬ್ಬರು ಉಳಿದರೂ ಹಂಗಾಮಿನ ನಡುವೆ ಯಂತ್ರಗಳು ಸುಮ್ಮನೆ ನಿಲ್ಲವು. ಮುಂಗಾರು ಬಿತ್ತನೆ ಮುಗಿದ ಮೇಲೆ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು, ಈ ವರ್ಷದ ತೊಡಕು ಇಂಥದೆಂದು ಹೇಳಿ, ಹೊಲದ ಎರಡು ಗುಂಟೆಯನ್ನು ತೋರಿಸುವುದೇ ಇದಕ್ಕೆ ಸಾಕಾದ ಆರಂಭ.