ಪಾಸಿನಲ್ಲಿ ಸಿಕ್ಕ ಅಜ್ಜ
ಫಿಜಿಯ ಭಾರತೀಯರು ತಮ್ಮ ಮೂಲ ಊರು ಹುಡುಕಲು ಹೊರಟರೆ ಕೈಗೆ ಸಿಗುವ ಮೊದಲ ಎಳೆ ಅಜ್ಜನ ಎಮಿಗ್ರೇಷನ್ ಪಾಸು. 1879ರಿಂದ 1916ರವರೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿನ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹಡಗು ಹತ್ತಿದರು. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಎತ್ತರ, ಜಿಲ್ಲೆ, ಠಾಣೆ, ಊರು, ಕೊನೆಗೆ ಮೈಮೇಲಿನ ಮಚ್ಚೆ ಗಾಯದ ಗುರುತು ಕೂಡ ಪಾಸಿನಲ್ಲಿದೆ. ಇಷ್ಟೆಲ್ಲ ಇದ್ದೂ ಮನುಷ್ಯ ಸಿಗುವುದಿಲ್ಲ. ಹೆಸರು ಒಂಟಿ, ಅದೂ ಗುಮಾಸ್ತನ ಕಿವಿಗೆ ಬಿದ್ದಂತೆ ಬರೆದದ್ದು. ಮನೆಬಿಟ್ಟು ಓಡಿಬಂದವರು ನಿಜ ಹೆಸರನ್ನೇ ಹೇಳಿದರೆಂಬ ಖಾತರಿಯೂ ಇಲ್ಲ. ಜಿಲ್ಲೆಗಳೋ ನಿಂತಲ್ಲಿ ನಿಂತಿಲ್ಲ: ಫಿಜಿಗೆ ಬಹಳ ಜನರನ್ನು ಕಳಿಸಿದ, ಈಗಿನ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಿಂದ 1988ರಲ್ಲಿ ಸಿದ್ಧಾರ್ಥನಗರ, 1997ರಲ್ಲಿ ಸಂತ ಕಬೀರ್ ನಗರ ಬೇರೆಯಾದವು. ಸ್ವತಃ ಗಿರ್ಮಿಟಿಯಾ ಎನಿಸಿಕೊಂಡ ಇಂಥ ಕರಾರಿನ ಕೂಲಿಯೊಬ್ಬನ ಮೊಮ್ಮಗನಾದ ಇತಿಹಾಸಕಾರ ಬ್ರಿಜ್ ಲಾಲ್, ಕಲ್ಕತ್ತೆಯಿಂದ ಹೊರಟವರ ನಲವತ್ತೈದು ಸಾವಿರಕ್ಕೂ ಮಿಕ್ಕ ಪಾಸುಗಳನ್ನು ಕಂಪ್ಯೂಟರಿಗೆ ಊಡಿಸಿ 1983ರಲ್ಲಿ ಪುಸ್ತಕ ತಂದರು. ಕೂಲಿಗೆ ಹೋದವರೆಲ್ಲ ತೀರ ಕೆಳಜಾತಿಯವರೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಅನೇಕರು ಹೆಸರು ಬರೆಸುವ ಹೊತ್ತಿಗಾಗಲೇ ಸ್ವಂತ ಜಿಲ್ಲೆ ಬಿಟ್ಟು ಬಂದಿದ್ದರು ಎಂಬುದೂ ತಿಳಿಯಿತು. ನಮ್ಮ ಉತ್ತರ ಕರ್ನಾಟಕದ ಹೆಳವರಂತೆ ಮನೆಬಾಗಿಲಿಗೇ ಬಂದು ವಂಶಾವಳಿ ಓದಿಹೇಳುವವರು ಸಮುದ್ರದಾಚೆ ಯಾರಿದ್ದರು? ಇಷ್ಟೆಲ್ಲ ದಾಟಿ ಊರು ಸಿಕ್ಕಿತೆನ್ನಿ, ಹೊಲದ ಪಹಣಿಯಲ್ಲಿ ಹಡಗು ಹತ್ತಿದವನ ಹೆಸರಿರುವುದು ಅಪರೂಪ. ಉಳಿದ ದಾಯಾದಿಗಳಿಗೆ ಮೊದಲು ಹುಟ್ಟುವ ಅನುಮಾನ, ಇವರು ಪಾಲು ಕೇಳಲು ಬಂದರೇ ಎಂಬುದು.