ಆರೋಪಿ ಬೇರೆ, ಅಪರಾಧಿ ಬೇರೆ



ಹೋದ ತಿಂಗಳು ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಒಂದು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು 'ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು' ಎಂಬ ಸಾಲನ್ನು 'ಅಪರಾಧಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು' ಎಂದು ಓದಿಬಿಟ್ಟಳು. ನಾನು ತಡೆದೆ. "ಎರಡೂ ಒಂದೇ ಅಲ್ವಾ ಆಂಟಿ?" ಎಂದಳು. ಅಲ್ಲವಮ್ಮ ಎಂದು ತಿದ್ದಿ ಮುಂದೆ ಓದಿಸಿದೆ. ಆದರೆ ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಅದೇ ತಪ್ಪನ್ನು ಹಿಂದೊಮ್ಮೆ ನಾನೂ ಮಾಡಿದ್ದೆ. ಪತ್ರಿಕೆ ಓದುವಾಗ ಅಲ್ಲ, ಟೀವಿ ನೋಡುವಾಗ.

ಅದು 2013ರ ಮೇ 16, ಗುರುವಾರ. ಮಕ್ಕಳಿಗೆ ಬೇಸಿಗೆ ರಜೆ. ಹಿಂದಿನ ರಾತ್ರಿ ನಮ್ಮ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಮುಂಬೈ ಇಂಡಿಯನ್ಸ್ ಮತ್ತು ರಾಜಸ್ಥಾನ್ ರಾಯಲ್ಸ್ ತಂಡಗಳ ಐಪಿಎಲ್ ಪಂದ್ಯ ನಡೆದಿತ್ತು. ಬೆಳಗಾಗುವಷ್ಟರಲ್ಲಿ ರಾಜಸ್ಥಾನ್ ತಂಡದ ಮೂವರು ಆಟಗಾರರನ್ನು ದೆಹಲಿ ಪೊಲೀಸರ ವಿಶೇಷ ದಳ ಮುಂಬಯಿಯಲ್ಲೇ ಬಂಧಿಸಿದೆ ಎಂಬ ಸುದ್ದಿ. ಶ್ರೀಶಾಂತ್, ಅಜಿತ್ ಚಂಡಿಲಾ, ಮತ್ತು ನಮ್ಮ ಮುಂಬಯಿಯವನೇ ಆದ ಅಂಕಿತ್ ಚವಾಣ್. ಆ ತಂಡದ ನಾಯಕ ನಮ್ಮ ರಾಹುಲ್ ದ್ರಾವಿಡ್ ಆಗಿದ್ದುದರಿಂದ ಕನ್ನಡದ ಮನೆಗಳಲ್ಲಿ ಕಳವಳ ಇನ್ನೂ ಒಂದು ತೂಕ ಹೆಚ್ಚೇ ಇತ್ತು. "ಪಾಪ, ಅಂಥ ಮನುಷ್ಯನಿಗೆ ಇಂಥ ಹುಡುಗರು" ಎಂದು ನಾನೂ ಫೋನಿನಲ್ಲಿ ನಾಲ್ಕು ಜನರ ಹತ್ತಿರ ಮರುಗಿದೆ.

ಶ್ರೀಶಾಂತ್ ಎಂದರೆ ಯಾರೆಂದು ನಿಮ್ಮಲ್ಲಿ ಚಿಕ್ಕವರಿಗೆ ನೆನಪಿರಲಿಕ್ಕಿಲ್ಲ. 2007ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಪಾಕಿಸ್ತಾನದ ಮಿಸ್ಬಾ ಉಲ್ ಹಕ್ ಎತ್ತಿ ಹೊಡೆದ ಚೆಂಡನ್ನು ಹಿಡಿದು ಭಾರತಕ್ಕೆ ಮೊದಲ ಟಿ-20 ವಿಶ್ವಕಪ್ ತಂದುಕೊಟ್ಟ ಕೈ ಅವನದು. 2011ರ ವಿಶ್ವಕಪ್ ಫೈನಲ್ ಆಡಿದ ಹನ್ನೊಂದು ಮಂದಿಯಲ್ಲೂ ಅವನಿದ್ದ. ಕೇರಳದಿಂದ ಬಂದ ವೇಗದ ಬೌಲರ್.

ಮಧ್ಯಾಹ್ನದ ಹೊತ್ತಿಗೆ ಮರಾಠಿ ಚಾನೆಲ್ಲು, ಹಿಂದಿ ಚಾನೆಲ್ಲು, ಇಂಗ್ಲಿಷ್ ಚಾನೆಲ್ಲು, ಎಲ್ಲಿ ಹಾಕಿದರೂ ಇದೇ. ದೆಹಲಿಯ ಪೊಲೀಸ್ ಆಯುಕ್ತರು ಪತ್ರಿಕಾಗೋಷ್ಠಿ ಕರೆದು, ಪಂದ್ಯದ ತುಣುಕುಗಳನ್ನೇ ತೋರಿಸಿ ಆರೋಪಗಳನ್ನು ವಿವರಿಸಿದರು. ಮೇ 9ರಂದು ಮೊಹಾಲಿಯಲ್ಲಿ ಪಂಜಾಬ್ ಎದುರು ಶ್ರೀಶಾಂತ್ ತನ್ನ ಎರಡನೇ ಓವರಿನಲ್ಲಿ 14 ರನ್ ಬಿಟ್ಟುಕೊಡಬೇಕೆಂದು ಬುಕ್ಕಿಗಳೊಡನೆ ಒಪ್ಪಂದವಾಗಿತ್ತು, ಅದಕ್ಕೆ 40 ಲಕ್ಷ ರೂಪಾಯಿ, ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡದ್ದೇ ಸನ್ನೆ ಎಂಬುದು ಪೊಲೀಸರ ಆರೋಪ. ಆ ಓವರಿನಲ್ಲಿ ಬಂದದ್ದು 13 ರನ್.

ಆಮೇಲೆ ಶುರುವಾಯಿತು ನೋಡಿ ಟವೆಲ್ಲಿನ ಮೆರವಣಿಗೆ. ಅವನು ಟವೆಲ್ ಸಿಕ್ಕಿಸಿಕೊಳ್ಳುವುದು, ಓಡಿ ಬರುವುದು, ಚೆಂಡು ಬೌಂಡರಿಗೆ ಹೋಗುವುದು. ಮತ್ತೆ ಟವೆಲ್, ಮತ್ತೆ ಓಟ, ಮತ್ತೆ ಬೌಂಡರಿ. ಟವೆಲ್ಲಿನ ಸುತ್ತ ಕೆಂಪು ವೃತ್ತ. ನಾನು ಅಡುಗೆಮನೆಗೂ ಹಾಲಿಗೂ ಓಡಾಡುತ್ತ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆಗ ಎಂಟನೇ ತರಗತಿಗೆ ಹೋಗಲಿದ್ದ ನನ್ನ ಮಗ ಕೇಳಿದ, "ಅಮ್ಮ, ಅವನು ನಿಜವಾಗ್ಲೂ ದುಡ್ಡು ತಗೊಂಡ್ನಾ?" ನಾನು ಒಂದು ಕ್ಷಣವೂ ಯೋಚಿಸದೆ, "ತಗೊಳ್ದೇನೇ? ನೋಡು, ಕಣ್ಣಿಗೆ ಕಾಣೋ ಹಾಗೆ ತೋರಿಸ್ತಿದಾರಲ್ಲ!" ಎಂದೆ.

ಈಗ ಯೋಚಿಸಿದರೆ, ನನ್ನ ಕಣ್ಣಿಗೆ ಕಂಡದ್ದಾದರೂ ಏನು? ಬೌಲರೊಬ್ಬ ಟವೆಲ್ ಸಿಕ್ಕಿಸಿಕೊಂಡದ್ದು. ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳಲು ಎಷ್ಟೋ ಬೌಲರುಗಳು ಹಾಗೆ ಮಾಡುತ್ತಾರೆ. ಮೇ 9ರಂದು ಲಕ್ಷಾಂತರ ಜನ ಅದೇ ದೃಶ್ಯವನ್ನು ನೇರಪ್ರಸಾರದಲ್ಲಿ ಕಂಡಾಗ ಅದು ಬರಿಯ ಟವೆಲ್. ಒಂದು ವಾರದ ಬಳಿಕ ಅದೇ ಟವೆಲ್ ಸಾಕ್ಷಿ. ಚಿತ್ರ ಬದಲಾಗಿರಲಿಲ್ಲ. ಚಿತ್ರದ ಕೆಳಗೆ ಓಡುತ್ತಿದ್ದ ಅಕ್ಷರಗಳು ಬದಲಾಗಿದ್ದವು. ಆರೋಪ ಸುಳ್ಳೆಂದು ನಾನು ಹೇಳುತ್ತಿಲ್ಲ. ಪೊಲೀಸರ ಹತ್ತಿರ ಫೋನ್ ಸಂಭಾಷಣೆಯ ಧ್ವನಿಮುದ್ರಣಗಳೂ ಇದ್ದವು. ಆದರೆ ನಾನು 'ಕಣ್ಣಾರೆ ಕಂಡೆ' ಎಂದದ್ದು ಮಾತ್ರ ಸುಳ್ಳು. ನಾನು ಕಂಡದ್ದಲ್ಲ, ಕೇಳಿದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟದ್ದು ಟೀವಿ ಬರುವ ಎಷ್ಟೋ ಮೊದಲು.

ನಮ್ಮ ಕನ್ನಡ ಪತ್ರಿಕೆಗಳಲ್ಲಿ ಒಂದು ಪುಟ್ಟ ಪದವಿದೆ, 'ಎನ್ನಲಾದ'. 'ಹಣ ಪಡೆದನೆನ್ನಲಾದ ಆಟಗಾರ' ಎಂದು ಬರೆಯುತ್ತಾರೆ. ಇದೇನಿದು ಸುತ್ತುಬಳಸಿನ ಭಾಷೆ ಎಂದು ನಿಮಗೆ ನಗು ಬರಬಹುದು. ಆದರೆ ಆ ನಾಲ್ಕಕ್ಷರದಲ್ಲಿ ಒಬ್ಬ ಮನುಷ್ಯನ ಮಾನ ಅಡಗಿದೆ. ಟೀವಿಯ ಕೆಂಪು ಪಟ್ಟಿಯಲ್ಲಿ ಜಾಗ ಕಡಿಮೆ. ಮೊದಲು ಬಿದ್ದುಹೋಗುವ ಪದ ಇದೇ.

ಈ ದಾರಿಯ ಮೆಟ್ಟಿಲುಗಳನ್ನು ಒಮ್ಮೆ ಎಣಿಸಿಕೊಳ್ಳಿ. ಬಂಧನ ಮೊದಲನೆಯದು, ಅದು ತೀರ್ಪಲ್ಲ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ನಮ್ಮ ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ತನಿಖೆ ಮುಗಿದ ಮೇಲೆ ಪೊಲೀಸರು ಆರೋಪಪಟ್ಟಿ ಸಲ್ಲಿಸುತ್ತಾರೆ. ಅದನ್ನು ನೋಡಿ, ವಿಚಾರಣೆ ನಡೆಸುವಷ್ಟು ಆಧಾರವಿದೆಯೇ ಎಂದು ನ್ಯಾಯಾಲಯ ತೀರ್ಮಾನಿಸುತ್ತದೆ. ಆಧಾರವಿಲ್ಲದಿದ್ದರೆ ಅಲ್ಲಿಗೇ ಆರೋಪಮುಕ್ತಿ. ಇದ್ದರೆ ವಿಚಾರಣೆ, ಅದರ ಕೊನೆಯಲ್ಲಿ ಖುಲಾಸೆ ಇಲ್ಲವೇ ಶಿಕ್ಷೆ. ಶಿಕ್ಷೆಯ ಮೆಟ್ಟಿಲು ತಲುಪುವವರೆಗೆ ಅವನು ಆರೋಪಿ, ಅಪರಾಧಿಯಲ್ಲ. ಹಳೆಯ ಹಿಂದಿ ಸಿನಿಮಾದ ಕೋರ್ಟ್ ದೃಶ್ಯಗಳಲ್ಲಿ 'ಮುಲ್ಜಿಮ್' ಮತ್ತು 'ಮುಜ್ರಿಮ್' ಎಂಬ ಮಾತು ಕೇಳಿರುತ್ತೀರಲ್ಲ, ಅದೂ ಇದೇ ಭೇದ.

'ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ' ಎಂಬ ಸುದ್ದಿಯನ್ನೂ ಟೀವಿಯಲ್ಲಿ ಕೇಳುತ್ತಿರುತ್ತೀರಿ. ಸಾಮಾನ್ಯ ಪ್ರಕರಣಗಳಲ್ಲಿ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಅದರ ಜಾಗಕ್ಕೆ ಬಂದಿರುವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. ನ್ಯಾಯಾಧೀಶರು ಲೆಕ್ಕಕ್ಕೆ ತೆಗೆದುಕೊಳ್ಳಲಾಗದ ಮಾತಿನ ಮೇಲೆ ನಾವು ಸೋಫಾದಲ್ಲಿ ಕೂತು ತೀರ್ಪು ಕೊಡುತ್ತೇವೆ.

ಮುಂದೇನಾಯಿತು? ಸಂಘಟಿತ ಅಪರಾಧಗಳಿಗೆಂದು ಮಹಾರಾಷ್ಟ್ರ ಮಾಡಿದ್ದ ಮಕೋಕಾ ಕಾಯ್ದೆಯನ್ನೂ ಈ ಆಟಗಾರರ ಮೇಲೆ ಹೇರಲಾಯಿತು. ಜೂನ್ 10ರಂದು ಶ್ರೀಶಾಂತ್‌ಗೆ ಜಾಮೀನು ಸಿಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಕ್ರಿಕೆಟ್ ಮಂಡಳಿ ಅವನಿಗೂ ಚವಾಣ್‌ಗೂ ಆಜೀವ ನಿಷೇಧ ಹಾಕಿತು. 2015ರ ಜುಲೈ 25ರಂದು ದೆಹಲಿಯ ನ್ಯಾಯಾಲಯ, ಮೊಕದ್ದಮೆ ನಡೆಸುವಷ್ಟು ಆಧಾರವಿಲ್ಲವೆಂದು ಈ ಮೂವರೂ ಸೇರಿ 36 ಮಂದಿಯನ್ನು ಆರೋಪಮುಕ್ತಗೊಳಿಸಿತು. ಅದರ ವಿರುದ್ಧ ಪೊಲೀಸರು ಹೈಕೋರ್ಟಿಗೆ ಹೋದರು. ಮಂಡಳಿಯ ನಿಷೇಧ ಬೇರೆಯೇ ದಾರಿ ಹಿಡಿಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಆಜೀವ ನಿಷೇಧವನ್ನು ರದ್ದುಮಾಡಿತು. ಆದರೆ ಮಂಡಳಿಯ ನಿಯಮದಂತೆ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಮುಟ್ಟಲಿಲ್ಲ. ಶಿಕ್ಷೆ ಎಷ್ಟಿರಬೇಕೆಂದು ಮತ್ತೆ ಯೋಚಿಸಿ ಎಂದಿತು. ಕೊನೆಗೆ ಅದು ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2021ರ ಜನವರಿಯಲ್ಲಿ ಅವನು ಕೇರಳದ ಪರವಾಗಿ ಮತ್ತೆ ಬೌಲ್ ಮಾಡಿದ. ಆಗ ಅವನಿಗೆ 37 ವರ್ಷ. ಮರುವರ್ಷ ಮಾರ್ಚ್‌ನಲ್ಲಿ ನಿವೃತ್ತಿ.

ಇದರಲ್ಲಿ 'ಅವನು ಚಿನ್ನದಂಥವನು' ಎಂಬ ಕಥೆಯೂ ಇಲ್ಲ, ಮೇ 16ರಂದು ಟೀವಿ ಹೇಳಿದ ಕಥೆಯೂ ಇಲ್ಲ. ನಡುವೆ ಎಲ್ಲೋ, ವಕೀಲರೂ ನ್ಯಾಯಾಧೀಶರೂ ವರ್ಷಗಟ್ಟಲೆ ತೂಗಿದ ಕಥೆಯಿದೆ. ನಾನು ಅದನ್ನು ಮೂವತ್ತು ಸೆಕೆಂಡಿನಲ್ಲಿ, ಒಗ್ಗರಣೆ ಹಾಕುತ್ತ ತೀರ್ಮಾನಿಸಿದ್ದೆ.

ಅಷ್ಟರಿಂದ ಯಾರಿಗೇನು ನಷ್ಟ ಎನ್ನುತ್ತೀರಾ? ಅದನ್ನೇ ಹೇಳಲು ಹೊರಟಿದ್ದೇನೆ.

ನಮ್ಮ ಎದುರು ಮನೆಯಲ್ಲಿ ಒಂದು ಮಲಯಾಳಿ ಸಂಸಾರವಿತ್ತು. ಅವರ ಹುಡುಗ ನನ್ನ ಮಗನ ಓರಗೆಯವನು, ಸೊಸೈಟಿಯ ತಂಡದಲ್ಲಿ ವೇಗದ ಬೌಲರ್. ಶ್ರೀಶಾಂತನ ಹಾಗೆಯೇ ಓಡಿ ಬರುತ್ತಿದ್ದ. ಆ ದಿನ ಸಂಜೆ ಅವನು ಬ್ಯಾಟು, ಚೆಂಡು, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಕೆಳಗಿಳಿದ. ಹುಡುಗರೆಲ್ಲ "ಟವೆಲ್! ಟವೆಲ್! ಎಷ್ಟು ತಗೊಂಡ್ಯೋ?" ಎಂದು ಕೂಗಿದರು. ಕೂಗಿದವರಲ್ಲಿ ನನ್ನ ಮಗನೂ ಇದ್ದ. ಮಧ್ಯಾಹ್ನ ತಾನೇ ತಾಯಿಯಿಂದ ತೀರ್ಪು ಕೇಳಿಕೊಂಡು ಹೋಗಿದ್ದನಲ್ಲ. ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತ ನಿಂತಿದ್ದೆ. ನನಗೂ ನಗು ಬಂತು. ಹುಡುಗ ತಲೆಯೆತ್ತಿ ನೋಡಿದ, ನಾನು ನಗುತ್ತಿರುವುದನ್ನೂ ನೋಡಿದ. ಆ ರಜೆಯಲ್ಲಿ ಅವನು ಮತ್ತೆ ಆಡಲು ಬರಲಿಲ್ಲ.

2015ರಲ್ಲಿ ಬಿಡುಗಡೆಯ ಸುದ್ದಿ ಬಂದಾಗ ನನ್ನ ಮಗ ಹತ್ತನೇ ತರಗತಿ. ರಾತ್ರಿ ಊಟಕ್ಕೆ ಕೂತಾಗ, "ಅಮ್ಮ, ಕಣ್ಣಿಗೆ ಕಾಣೋ ಹಾಗೆ ತೋರಿಸ್ತಿದಾರೆ ಅಂದಿದ್ಯಲ್ಲ ಅವತ್ತು" ಎಂದಷ್ಟೇ ಹೇಳಿದ. ನನಗೆ ತುತ್ತು ಇಳಿಯಲಿಲ್ಲ. ಎದುರು ಮನೆಯವರು ಆ ಹೊತ್ತಿಗೆ ಬೇರೆಡೆಗೆ ಮನೆ ಬದಲಾಯಿಸಿದ್ದರು.

ಹೊರನಾಡಿನಲ್ಲಿ ಬೆಳೆದ ನಿಮಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಊರಿನಲ್ಲಿ ಒಬ್ಬನ ಹೆಸರು ಕೆಟ್ಟರೆ ಅದು ಅವನ ಹೆಸರು. ಪರಊರಿನಲ್ಲಿ ಒಬ್ಬನ ಹೆಸರು ಕೆಟ್ಟರೆ ಅವನ ಭಾಷೆಯವರಿಗೆಲ್ಲ ಮಾತು. ಟೀವಿಯಲ್ಲಿ ಬಂದ ಹೆಸರು ಆ ದಿನ ಕೇರಳದ್ದು. ನಾಳೆ ನಮ್ಮದೇ ಊರಿನ ಹೆಸರು ಬಂದರೆ, ನಿಮ್ಮ ಕಾಲೇಜಿನಲ್ಲಿ, ಆಫೀಸಿನಲ್ಲಿ ತಲೆ ತಗ್ಗಿಸಬೇಕಾದವರು ನೀವು, ಏನೂ ಮಾಡದೆ.

2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೊಲೀಸರು ಮಾಧ್ಯಮಕ್ಕೆ ಮಾಹಿತಿ ಕೊಡುವ ರೀತಿಯ ಬಗ್ಗೆ ಮೂರು ತಿಂಗಳೊಳಗೆ ಕೈಪಿಡಿ ಸಿದ್ಧಪಡಿಸಬೇಕೆಂದು ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಪಕ್ಷಪಾತದ ವರದಿಯಿಂದ ಆರೋಪಿಯೇ ತಪ್ಪಿತಸ್ಥನೆಂಬ ಸಂಶಯ ಜನರಲ್ಲಿ ಹುಟ್ಟುತ್ತದೆ ಎಂಬ ಚಿಂತೆ ನ್ಯಾಯಾಲಯಕ್ಕೂ ಇದೆ. ಆದರೆ ಕೈಪಿಡಿ ಪೊಲೀಸರಿಗೆ. ಈಗ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚಾನೆಲ್ ಇದೆ. ನಿಮ್ಮ ಬೆರಳಿಗೆ ಕೈಪಿಡಿ ಬರೆಯುವವರು ನೀವೇ.

ನನ್ನದೊಂದು ಸಣ್ಣ ಅಭ್ಯಾಸ ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಬಂಧನದ ಸುದ್ದಿ ಬಂದಾಗ ಒಂದು ಡೈರಿಯಲ್ಲಿ ಹೆಸರು, ತಾರೀಖು ಬರೆದಿಡುತ್ತೇನೆ. ಆರು ತಿಂಗಳಿಗೊಮ್ಮೆ ಆ ಪುಟ ತೆರೆದು, ಆಮೇಲೆ ಏನಾಯಿತೆಂದು ಹುಡುಕುತ್ತೇನೆ. ಹುಡುಕಿ ಸಿಗುವವರೆಗೆ ಆ ಹೆಸರಿನ ಮುಂದೆ ಬರೆದಿರುವುದು ಒಂದೇ ಪದ, 'ಎನ್ನಲಾಗಿದೆ'.

ಹೋದ ದೀಪಾವಳಿಗೆ ಆ ಎದುರು ಮನೆಯ ಹುಡುಗ ನನ್ನ ಮಗನನ್ನು ನೋಡಲು ಬಂದಿದ್ದ. ಈಗ ಪುಣೆಯಲ್ಲಿ ಕೆಲಸ. ಚಕ್ಕುಲಿ ಕೊಡುತ್ತ, "ಆ ದಿನ ನಾನು ನಗಬಾರದಿತ್ತಪ್ಪ" ಎಂದೆ. ಅವನಿಗೆ ನೆನಪಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅವನು ಮೆಲ್ಲಗೆ ನಕ್ಕು ಹೇಳಿದ, "ಪರವಾಗಿಲ್ಲ ಆಂಟಿ. ಆದರೆ ಆಮೇಲೆ ಎರಡು ವರ್ಷ ನಾನು ಟವೆಲ್ ತಗೊಂಡು ಎಲ್ಲೂ ಆಡೋಕೆ ಹೋಗಲಿಲ್ಲ. ಬೆವರು ಒರೆಸೋದಕ್ಕೆ ಶರಟಿನ ತೋಳೇ."

ಕನ್ನಡ ತರಗತಿಯ ಆ ಹುಡುಗಿಗೆ ಈ ಉತ್ತರ. ಎರಡೂ ಒಂದೇ ಅಲ್ಲ ಕಣಮ್ಮ. ಮುಂದಿನ ವಾರ ಆ ಸಾಲನ್ನು ಇನ್ನೊಮ್ಮೆ ಓದೋಣ.